ಮೂರನೇ ಗುಂಡಿಯ ಕುಂಕುಮ

ದುರಗಪ್ಪ ಬಿದ್ದದ್ದು ಮಂಗಳವಾರ ಬೆಳಿಗ್ಗೆ, ಕ್ವಾರಿಯ ನಾಲ್ಕನೇ ಹಂತದಲ್ಲಿ, ಅಂಗಿಯ ಕಿಸೆಯಲ್ಲಿ ಹಸಿರು ಚೀಟಿ ಇಟ್ಟುಕೊಂಡೇ. ಆ ಚೀಟಿ ಕೊಟ್ಟವಳು ನಿಂಬೆವ್ವ. ಐದೇ ದಿನದ ಹಿಂದೆ ತನ್ನ ಕೈಯಾರೆ ಕೊಟ್ಟು, "ಗಟ್ಟಿಮುಟ್ಟ ಅದೀಯಪ್ಪ, ಹೋಗು" ಎಂದು ನಗಾಡಿ ಕಳಿಸಿದ್ದಳು.

ಈ ಚೀಟಿಯ ಕಥೆ ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದರ ತಲೆಬುಡ ತಿಳಿಯುವುದಿಲ್ಲ. ಹಂಚಿಗಲ್ಲು ಕೆಂಪು ಗ್ರಾನೈಟಿನ ಊರು. ಕಲ್ಲು ಕೊರೆದರೆ ಧೂಳು ಏಳುತ್ತದೆ, ಎದ್ದ ಧೂಳು ಎದೆ ಸೇರುತ್ತದೆ, ಸೇರಿದ್ದು ವಾಪಸು ಬರುವುದಿಲ್ಲ. ಹಿಂದಿನವರ ಕಾಲದಲ್ಲಿ ಎಕ್ಸ್‌ರೇಯಲ್ಲಿ ಅದು ಕಾಣುವ ಹೊತ್ತಿಗೆ ಮನುಷ್ಯ ಮುಗಿದೇ ಹೋಗಿರುತ್ತಿದ್ದ. ಆಮೇಲೆ ಯಾರೋ ಪುಣ್ಯಾತ್ಮರು ಒಂದು ಸಂಗತಿ ಕಂಡುಹಿಡಿದರು. ಧೂಳು ಕೂತ ಎದೆ, ಉಸಿರನ್ನು ಒಳಗೆಳೆಯುವ ಕೊನೆಯ ಗಳಿಗೆಯಲ್ಲಿ ಒಂದು ಸಣ್ಣ ಸದ್ದು ಮಾಡುತ್ತದೆ. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ, ಚಿಟಪಟ. ರೋಗ ಶುರುವಾದಾಗ ಡಾಕ್ಟರ ಕಿವಿಗೂ ಸಿಗದಷ್ಟು ಸಣ್ಣದು. ಅದನ್ನು ಹಿಡಿಯುವ ಯಂತ್ರವೇ ಉಸಿರುಗಿವಿ.

ತಿಂಗಳಿಗೊಮ್ಮೆ ಪ್ರತಿಯೊಬ್ಬ ಕೆಲಸಗಾರ ಮೈಕಿನ ಮುಂದೆ ನಿಂತು ಮೂರು ಸಲ ಉಸಿರೆಳೆದು ಬಿಡಬೇಕು. ಹಸಿರು ದೀಪ ಹತ್ತಿದರೆ ಹಸಿರು ಚೀಟಿ, ಕೆಲಸಕ್ಕೆ ಹೋಗಬಹುದು. ಕೆಂಪು ಹತ್ತಿದರೆ ಅಂದಿಗೇ ಕ್ವಾರಿಯ ಋಣ ಹರಿಯಿತು. ಮುಂದೆ ಕಂಪನಿಯ ಖರ್ಚಿನಲ್ಲಿ ಔಷಧ, ಪಿಂಚಣಿ, ಮನೆಯಲ್ಲಿ ಕೂರುವುದು. ಬೇಗ ಹಿಡಿದರೆ ಇನ್ನೂ ಇಪ್ಪತ್ತು ವರ್ಷ ಬದುಕಬಹುದು ಎನ್ನುತ್ತಿದ್ದರು ಡಾಕ್ಟರು. ಹಿಡಿಯದೆ ಹೋದರೆ ಇಪ್ಪತ್ತು ತಿಂಗಳೂ ಹೆಚ್ಚೇ.

ನಿಂಬೆವ್ವ ಹತ್ತು ವರ್ಷದಿಂದ ಆ ಯಂತ್ರದ ಆಪರೇಟರು. ಊರಿನ ಮುನ್ನೂರ ಹನ್ನೆರಡು ಮಂದಿಯ ಉಸಿರು ಅವಳ ಹೆಡ್‌ಫೋನಿನೊಳಗಿಂದ ಹಾದುಹೋಗುತ್ತಿತ್ತು. ಯಂತ್ರ ಇದ್ದದ್ದು ಕ್ವಾರಿಯ ಗೇಟಿನ ಪಕ್ಕದ ಒಂದೇ ಕೋಣೆಯಲ್ಲಿ. ಹೊರಗೆ ಕ್ರಷರ್ ಗುಡುಗುತ್ತದೆ, ಕಂಪ್ರೆಸರ್ ಸಿಳ್ಳೆ ಹಾಕುತ್ತದೆ, ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನುತ್ತದೆ. ಇಷ್ಟು ಗದ್ದಲದಲ್ಲಿ ಸಾಸಿವೆ ಸಿಡಿದದ್ದು ಕೇಳುವುದು ಹೇಗೆ? ಅದಕ್ಕೇ ಮೈಕಿಗೂ ಕಂಪ್ಯೂಟರಿಗೂ ನಡುವೆ ಒಂದು ದನಿ ಸೋಸುವ ಪೆಟ್ಟಿಗೆ ಇತ್ತು. ಅದರ ಮುಂದಿನ ಮುಖದಲ್ಲಿ ನಾಲ್ಕು ಫಿಲ್ಟರು. ಒಂದೊಂದಕ್ಕೂ ಒಂದರ ಕೆಳಗೆ ಒಂದರಂತೆ ಮೂರು ತಿರುಗಿಸುವ ಗುಂಡಿ. ಮೇಲಿನದು ಯಾವ ಸದ್ದು ಎಂಬುದಕ್ಕೆ, ನಡುವಿನದು ಅದನ್ನು ಎಷ್ಟು ಏರಿಸಬೇಕು ಇಲ್ಲವೆ ಇಳಿಸಬೇಕು ಎಂಬುದಕ್ಕೆ, ಕೆಳಗಿನದು ಎಷ್ಟು ಅಗಲಕ್ಕೆ ಎಂಬುದಕ್ಕೆ. ಒಂದನೇ ಫಿಲ್ಟರು ಕ್ರಷರಿನ ಗುಡುಗು ಇಳಿಸುತ್ತಿತ್ತು, ಎರಡನೇದು ಟ್ರಾನ್ಸ್‌ಫಾರ್ಮರಿನ ಗುಂಯ್, ನಾಲ್ಕನೇದು ಕಂಪ್ರೆಸರಿನ ಸಿಳ್ಳೆ. ಮೂರನೇದು ಬರಿದೇ ಇರಬೇಕು, ಏರಿಸಲೂ ಕೂಡದು, ಇಳಿಸಲೂ ಕೂಡದು. ಯಾಕೆಂದರೆ ಸಾಸಿವೆ ಸಿಡಿಯುವುದು ಆ ಎಡೆಯಲ್ಲೇ.

ಪಟ್ಟಣದ ಆಸ್ಪತ್ರೆಗಳಲ್ಲಿ ಇದೆಲ್ಲ ಗಾಜಿನ ಪರದೆಯ ಮೇಲೆ ಇರುತ್ತದಂತೆ. ಇಲ್ಲಿ ಅಂಥ ಪರದೆ ತಂದಿಟ್ಟರೆ ಆರೇ ತಿಂಗಳಲ್ಲಿ ಧೂಳು ತಿಂದುಬಿಡುತ್ತಿತ್ತು. ಹಾಗಾಗಿ ಹಳೇ ಕಾಲದ ಕಬ್ಬಿಣದ ಗುಂಡಿಗಳು. ಅವುಗಳ ಮೇಲಿನ ಬಿಳಿ ಗೆರೆ, ಸುತ್ತಲಿನ ಅಂಕಿ ಎಲ್ಲವೂ ಹತ್ತು ವರ್ಷ ಬಟ್ಟೆಯಲ್ಲಿ ಒರೆಸಿ ಒರೆಸಿ ಅಳಿಸಿಹೋಗಿದ್ದವು. ನಿಂಬೆವ್ವನಿಗೆ ಅಂಕಿಯ ಗೊಡವೆ ಇರಲಿಲ್ಲ. ಪ್ರತಿ ಗುಂಡಿಯ ನೆತ್ತಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮದ ಚುಕ್ಕೆ ಇತ್ತು, ಆಯುಧಪೂಜೆಯ ದಿನ ಹಚ್ಚಿದ್ದು. ಬೆಳಿಗ್ಗೆ ಧೂಳು ಒರೆಸುವಾಗ ಗುಂಡಿ ಅತ್ತಿತ್ತ ಆದರೆ ಚುಕ್ಕೆಯನ್ನು ನೆಟ್ಟಗೆ ಮೇಲಕ್ಕೆ ತಂದು ನಿಲ್ಲಿಸುತ್ತಿದ್ದಳು. ಶುಕ್ರವಾರಕ್ಕೊಮ್ಮೆ ಚುಕ್ಕೆಯ ಮೇಲೇ ಇನ್ನೊಂದು ಚುಕ್ಕೆ ಇಟ್ಟು ಕೈಮುಗಿಯುತ್ತಿದ್ದಳು. ಅಚ್ಚುಕಟ್ಟಾದ ಹೆಂಗಸು.

ದುರಗಪ್ಪನ ಎದೆಯ ಫೋಟೋ ತೆಗೆದವರು, ಒಳಗೆ ಗಾಳಿಗೆ ಜಾಗವೇ ಇಲ್ಲ ಎಂದರಂತೆ. ಗುರುವಾರ ಮಧ್ಯಾಹ್ನ ತೀರಿಕೊಂಡ. ಮಣ್ಣಿಗೆ ಹೋದಾಗ ಊರಿಗೆ ಊರೇ ನಿಂಬೆವ್ವನನ್ನು ನೋಡಿತು. ಬೈದಿದ್ದರಾದರೂ ಚೆನ್ನಾಗಿತ್ತು. ಸುಮ್ಮನೆ ನೋಡಿದರು.

ದುರಗಪ್ಪನ ಹೆಂಡತಿ ಯಲ್ಲವ್ವ ಮಾತ್ರ ಹತ್ತಿರ ಬಂದಳು. ಕಣ್ಣು ಒಣಗಿದ್ದವು. "ನಿಂಬಕ್ಕಾ, ಖರೇ ಹೇಳು. ನಿನ್ನ ಮಷೀನಿಗೆ ಕಿವಿ ಕೇಳಸೂದಿಲ್ಲೋ, ಇಲ್ಲಾ ಕೇಳಿಸಿದ್ದನ್ನ ಮುಚ್ಚಿಡ್ರಿ ಅಂತ ನಿಮಗ ಯಾರರೆ ಹೇಳ್ಯಾರೋ?"

"ಯವ್ವಾ, ಹಂಗ್ಯಾಕಂತಿ! ನನಗ ಯಾರ ಹೇಳತಾರ?" ಎಂದಳು ನಿಂಬೆವ್ವ. ಆದರೆ ತನ್ನ ದನಿ ತನಗೇ ಕಳ್ಳಿಯ ದನಿಯಂತೆ ಕೇಳಿಸಿತು.

ಸೀದಾ ಕೋಣೆಗೆ ಹೋಗಿ ರಿಜಿಸ್ಟರು ತೆಗೆದಳು. ಮೊದಲ ಒಂಬತ್ತು ವರ್ಷ ತಿಂಗಳಿಗೆ ಇಬ್ಬರೋ ಮೂವರೋ ಕೆಂಪಾಗುತ್ತಿದ್ದರು. ಹೋದ ವರ್ಷದ ಅಕ್ಟೋಬರಿನಿಂದ ಈಚೆಗೆ ಹಾಳೆ ಮಗುಚಿದಳು. ಹಸಿರು, ಹಸಿರು, ಹಸಿರು. ಹನ್ನೊಂದು ತಿಂಗಳಲ್ಲಿ ಒಂದೇ ಒಂದು ಕೆಂಪಿಲ್ಲ. ಅಯ್ಯೋ ಶಿವನೇ! ಇದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಕಂಪನಿಯವರು ಡ್ರಿಲ್ಲಿಗೆ ನೀರು ಚಿಮ್ಮಿಸುವ ಹೊಸ ನಳಿಕೆ ಹಾಕಿಸಿದ್ದರು. ಅದರ ಪುಣ್ಯವೆಂದು ಹಿಗ್ಗಿದ್ದಳು. ಕ್ವಾರಿಯ ಮ್ಯಾನೇಜರು ಯುಗಾದಿಗೆ ಅವಳನ್ನು ಕರೆದು ಸೀರೆ ಕೊಟ್ಟು, ಹಂಚಿಗಲ್ಲು ಈಗ ಆರೋಗ್ಯದ ಊರು ಎಂದು ಭಾಷಣ ಬಿಗಿದಿದ್ದ. ಆ ಸೀರೆಯನ್ನೇ ಅವಳು ಈಗ ಉಟ್ಟಿದ್ದಳು. ಮೈಮೇಲೆ ಹುಳ ಹರಿದಂತಾಯಿತು.

*

ಮನೆಗೆ ಬಂದಾಗ ಗಂಡ ಸಂಗನಬಸು ಕಟ್ಟೆಯ ಮೇಲೆ ಕೂತಿದ್ದ. ಅವನೂ ದುರಗಪ್ಪನೂ ಕೂಡಿ ಬೆಳೆದವರು. ಮಣ್ಣಿಗೆ ಹೆಗಲು ಕೊಡಲು ಹೋದವನು ಅರ್ಧ ದಾರಿಯಲ್ಲೇ ಹೆಗಲು ಬದಲಿಸಿ ಹಿಂದೆ ಸರಿದಿದ್ದನ್ನು ನಿಂಬೆವ್ವ ನೋಡಿದ್ದಳು.

ವಯಸ್ಸಿನಲ್ಲಿ ಅವನು ಮೈಕಿನ ಸಂಗಣ್ಣ. ಸುತ್ತಲ ಹತ್ತು ಊರಿನ ಮದುವೆ, ಭಜನೆ, ನಾಟಕಕ್ಕೆ ದನಿಯ ಸೆಟ್ಟು ಅವನದೇ. ಗುಂಡಿ ತಿರುಗಿಸಿ ತಿರುಗಿಸಿ ಎಂಥ ಒಡಕು ಕೊರಳನ್ನೂ ಜೇನು ಮಾಡುತ್ತಿದ್ದ. ಆ ದಂಧೆ ನಿಂತ ಮೇಲೆ ಕ್ವಾರಿಗೆ ಸೇರಿ ಬಂಡೆ ಬಡಿದು ನೋಡುವವನಾದ. ಸುತ್ತಿಗೆಯಲ್ಲಿ ಟಣ್ ಎಂದು ಬಡಿದು, ಒಳಗೆ ಎಲ್ಲಿ ಬಿರುಕಿದೆ ಎಂದು ಸದ್ದಿನಲ್ಲೇ ಹೇಳುತ್ತಿದ್ದ. ಉಸಿರುಗಿವಿ ಬಂದಾಗ ಹೆಂಡತಿಗೆ ಆ ಹನ್ನೆರಡು ಗುಂಡಿಗಳ ಮರ್ಮ ಹೇಳಿಕೊಟ್ಟವನೂ ಅವನೇ. ಮಗಳು ಮದುವೆಯಾಗಿ ಕೊಪ್ಪಳಕ್ಕೆ ಹೋದಮೇಲೆ ಮನೆಯಲ್ಲಿ ಇಬ್ಬರೇ.

ಇತ್ತೀಚೆಗೆ ಅವನ ಮೇಲೆ ಅವಳಿಗೆ ಅನುಮಾನ ಶುರುವಾಗಿತ್ತು. ಮೈಗಳ್ಳನಾಗಿದ್ದಾನೆ ಎಂಬ ಅನುಮಾನ. ಕೊಡ ಎತ್ತು ಎಂದರೆ ಸೊಂಟ ಹಿಡಿದಿದೆ ಎನ್ನುವನು. ಗುಡ್ಡದ ದಾರಿಯಲ್ಲಿ ನಡುನಡುವೆ ನಿಂತು, ಎಂದೂ ನೋಡದವನ ಹಾಗೆ ಮೋಡ ನೋಡುವನು. ರೊಟ್ಟಿ ಅಗಿಯುವಾಗಲೂ ನಡುವೆ ಬಿಡುವು. ಹೋದ ತಿಂಗಳು ಅವಳು ತಡೆಯಲಾರದೆ ಅಂದುಬಿಟ್ಟಿದ್ದಳು: "ಏನ ಧಾಡಿ ಆಗೇತ್ರಿ ನಿಮಗ? ಮಷೀನು ಹಸಿರು ಅಂದೈತಿ. ಮಷೀನಿಗಿಂತ ನಿಮಗ ಹೆಚ್ಚ ಗೊತ್ತೇನು?" ಆಗ ಅವನು ಅವಳನ್ನು ಒಂದು ಥರಾ ನೋಡಿ, ಎದ್ದು ಕೊಡ ಎತ್ತಿದ್ದ. ಆ ನೋಟ ಈಗ ನೆನಪಾಯಿತು.

"ರೀ, ಇಲ್ಲಿ ನೋಡ್ರಿ. ನಿಮಗ ದಮ್ಮು ಬರತೈತೇನು?"

"ಇಲ್ಲ."

"ಖರೇ ಹೇಳ್ರಿ."

"ಹೋದ ವಾರ ನೀನ ಹಸಿರು ಚೀಟಿ ಕೊಟ್ಟಿಯಲ್ಲ" ಎಂದ ಅವನು, ಹೊಲದ ಕಡೆ ಮುಖ ಮಾಡಿ.

"ದುರಗಪ್ಪಗೂ ಕೊಟ್ಟಿದ್ನಿ."

ನಿಂಬೆವ್ವ ಒಳಗೆ ಹೋಗಿ ಆ ಸೀರೆ ಬಿಚ್ಚಿ ಎಸೆದಳು. ಯಂತ್ರದಲ್ಲಿ ಏನೋ ಇದೆ. ಯಾರೋ ಏನೋ ಮಾಡಿದ್ದಾರೆ. ಮುನ್ನೂರು ಮಂದಿಯಲ್ಲಿ ತನ್ನ ಗಂಡನೂ ಒಬ್ಬ. ಒಂದೊಂದು ದಿನ ಕ್ವಾರಿಗೆ ಹೋದಾಗಲೂ ಅವನ ಎದೆಯಲ್ಲಿ ಇನ್ನಷ್ಟು ಕಲ್ಲು ಕೂರುತ್ತಿರಬಹುದು. ಕೆಂಪು ಹೌದೋ ಅಲ್ಲವೋ, ಖಚಿತವಾಗಿ ತಿಳಿಯಬೇಕು. ಅದೂ ಈ ವಾರದೊಳಗೆ.

*

ಯಂತ್ರವನ್ನು ಮುಟ್ಟುವವರು ಇಬ್ಬರೇ. ಒಬ್ಬಳು ತಾನು. ಇನ್ನೊಬ್ಬ ತಿಂಗಳಿಗೊಮ್ಮೆ ಬಾಗಲಕೋಟೆಯಿಂದ ಬಂದು ತಪಾಸಣೆ ಮಾಡುವ ಮೆಕ್ಯಾನಿಕ್ಕು, ವಾದಿರಾಜ ಗಲಗಲಿ. ಕನ್ನಡಕದ, ತೆಳ್ಳನೆಯ, ಮಾತು ಕಡಿಮೆಯ ಮನುಷ್ಯ. ಬಂದಾಗಲೆಲ್ಲ ಮ್ಯಾನೇಜರನ ಬಂಗಲೆಯಲ್ಲಿ ಊಟ. ಇಷ್ಟು ದಿನ ಅದು ಸಹಜವಾಗಿ ಕಂಡಿತ್ತು, ಊರಿನಲ್ಲಿ ಅವನಿಗೆ ಒಗ್ಗುವ ಖಾನಾವಳಿ ಇರಲಿಲ್ಲ. ಈಗ ಆ ಊಟವೇ ಅವಳಿಗೆ ದೊಡ್ಡ ಸಾಕ್ಷಿಯಾಗಿ ಕಂಡಿತು. ಕೆಂಪು ಹತ್ತದಿದ್ದರೆ ಲಾಭ ಯಾರಿಗೆ? ಕಂಪನಿಗೆ. ಕಂಪನಿಯ ಅನ್ನ ತಿನ್ನುವವನು ಯಾರು? ವಾದಿರಾಜ. ಇದಕ್ಕಿಂತ ಇನ್ನೇನು ಬೇಕು?

ಸೋಮವಾರ ಅವನು ಬರುವ ಮುಂಚೆಯೇ ಅವಳು ಪೆಟ್ಟಿಗೆಯ ಮುಂದೆ ಕೂತು ಹನ್ನೆರಡೂ ಚುಕ್ಕೆಗಳನ್ನು ಎರಡೆರಡು ಸಲ ನೋಡಿದಳು. ಎಲ್ಲವೂ ನೆಟ್ಟಗೆ ನೆತ್ತಿಯ ಮೇಲೆ. ಅವನು ಬಂದು ಬೆನ್ನು ತೋರಿಸಿ ಕೆಲಸಕ್ಕೆ ಕೂತಾಗ ಮೈಯೆಲ್ಲ ಕಣ್ಣಾಗಿ ಕಾವಲು ನಿಂತಳು. ಅವನು ಪೆಟ್ಟಿಗೆಯ ಹಿಂದಿನ ಮುಚ್ಚಳ ತೆಗೆದ. ಚೀಲದಿಂದ ಅಂಗೈಯಗಲದ ಒಂದು ಡಬ್ಬಿ ತೆಗೆದು ತಂತಿ ಸಿಕ್ಕಿಸಿದ. ಅದರೊಳಗೆ ಕಾಯಿಲೆಯ ಎದೆಯೊಂದರ ಉಸಿರು ತುಂಬಿಟ್ಟಿದ್ದರು. ಡಬ್ಬಿ ಉಸಿರಾಡಿತು, ಕೆಂಪು ದೀಪ ಹತ್ತಿತು.

"ಸರಿ ಅದ" ಎಂದು ಅವನು ತಂತಿ ಸುತ್ತತೊಡಗಿದ.

ನಿಂಬೆವ್ವನಿಗೆ ತಲೆಗೇರಿತು. "ಸರಿ ಐತೇನು? ಹೋದ ವಾರ ಒಬ್ಬಾವನ್ನ ಮಣ್ಣ ಮಾಡಿ ಬಂದೇವಿ, ಗಲಗಲಿಯವರ! ನೀವು ಬಂದಾಗಷ್ಟ ಈ ಮಷೀನು ಕೆಂಪು ಅಂತೈತಿ, ನಮ್ಮ ಮಂದಿ ಬಂದಾಗ ಹಸಿರು ಅಂತೈತಿ. ಬಂಗಲೇದಾಗ ಉಂಡ ಉಪ್ಪಿನ ಋಣ ತೀರಸಾಕ ಏನ ಮಾಡಿರಿ ಹೇಳ್ರಿ!"

ವಾದಿರಾಜನ ಮುಖ ಕೆಂಪೇರಿತು. "ಅಕ್ಕಾರ, ಬಾಯಿಗೆ ಬಂದಂಗ ಮಾತಾಡಬ್ಯಾಡ್ರಿ. ಹತ್ತು ವರ್ಷದಾಗ ಮುಂದಿನ ಗುಂಡಿ ಒಂದರೆ ಮುಟ್ಟೀನೇನು ನಾನು? ಹಿಂದಿನ ತಿರುಪು ನಮ್ಮದು, ಮುಂದಿನ ಗುಂಡಿ ನಿಮ್ಮದು. ಅದ ನಮ್ಮ ನಿಯಮ. ನಾ ಹಚ್ಚಿದ ದನಿ ಹಿಂದಿನ ಸಾಕೆಟ್ಟಿನಿಂದ ಸೀದಾ ಕಂಪ್ಯೂಟರಿಗೆ ಹೋಗತದ. ಗುಂಡಿಗಳ ಹತ್ರನೂ ಬರೂದಿಲ್ಲ."

"ಹಂಗಾರ ನಮ್ಮ ಮಂದಿ ಉಸಿರು ಬಿಡೂದು ನಿಮ್ಮ ಹಿಂದಿನ ಸಾಕೆಟ್ಟಿಗೇನು? ಈ ಮೈಕಿಗೆ ಬಿಡತಾರ. ಇಲ್ಲಿ ಹಚ್ಚಿ ತೋರಿಸ್ರಿ."

ಅವನು ಡಬ್ಬಿಯನ್ನು ಮೈಕಿನ ಎದುರಿಗೆ ಹಿಡಿದ. ಡಬ್ಬಿ ಮತ್ತೆ ಉಸಿರಾಡಿತು. ಅದೇ ಎದೆ, ಅದೇ ಕಾಯಿಲೆ. ಹಸಿರು ದೀಪ ಹತ್ತಿತು.

ಇಬ್ಬರೂ ಆ ದೀಪವನ್ನೇ ನೋಡುತ್ತ ನಿಂತರು. ವಾದಿರಾಜ ಇನ್ನೊಮ್ಮೆ ಹಿಡಿದ, ಮತ್ತೊಮ್ಮೆ ಹಿಡಿದ. ಹಸಿರು. ಮೈಕಿನ ತಂತಿ ಕಿತ್ತು, ಮತ್ತೆ ಸಿಕ್ಕಿಸಿ, ಇನ್ನೂ ಒಮ್ಮೆ ಹಿಡಿದ. ನಾಟಕ ಆಡುವವನು ಹಾಗೆ ತಡಕಾಡುವುದಿಲ್ಲ. ಅವಳ ಅನುಮಾನಕ್ಕೆ ಅಲ್ಲೇ ಕಾಲು ಮುರಿದಂತಾಯಿತು.

ಅವನು ಲ್ಯಾಪ್‌ಟಾಪು ಜೋಡಿಸಿ, ಒಂದೊಂದೇ ಫಿಲ್ಟರಿನ ಮೇಲೆ ಬೆರಳಿಟ್ಟು ಅಂಕಿ ಓದಿದ. "ಒಂದು, ಸರಿ. ಎರಡು, ಸರಿ. ನಾಲ್ಕು, ಸರಿ." ಮೂರನೆಯದಕ್ಕೆ ಬಂದು ಕನ್ನಡಕ ತೆಗೆದು ಒರೆಸಿಕೊಂಡ. "ನಿಂಬಕ್ಕಾರ, ಇದು ಸೊನ್ನಿ ಮ್ಯಾಲೆ ಇರಬೇಕಿತ್ತು. ಹನ್ನೆರಡು ಡೆಸಿಬೆಲ್ ಕೆಳಗ ಅದ. ಅದೂ ನೋಡ್ರಿ, ಅಗಲ ಸಣ್ಣದು ಮಾಡಿ, ಸರಿಯಾಗಿ ಆ ಚಿಟಪಟ ಇರೋ ಜಾಗದ ಮ್ಯಾಲೇ ಕೂಡಿಸ್ಯಾರ. ಕೈ ತಪ್ಪಿ ತಿರುಗಿದ್ದಲ್ಲ. ಬಲ್ಲವರ ಕೈ ಇದು."

"ಸಾಧ್ಯನ ಇಲ್ಲ! ಕುಂಕುಮ ನೆತ್ತಿ ಮ್ಯಾಲೇ ಐತಲ್ಲ! ಗುಂಡಿ ತಿರುಗಿದ್ರ ಚುಕ್ಕಿನೂ ತಿರುಗಬೇಕೋ ಬ್ಯಾಡೋ?"

"ಕುಂಕುಮ ಯಾವಾಗ ಹಚ್ಚಿದ್ರಿ?"

"ಹೋದ ವರ್ಷದ ಆಯುಧಪೂಜೆಗೆ."

"ಅದಕ್ಕೂ ಮುಂಚೆ ಗುರ್ತು ಏನಿತ್ತು?"

ಅದಕ್ಕೂ ಮುಂಚೆ ಬಿಳಿ ಪ್ಲಾಸ್ಟರಿನ ಚೂರುಗಳಿದ್ದವು. ಗುಂಡಿಯ ಮೇಲೊಂದು, ಪಕ್ಕದಲ್ಲೊಂದು, ಪೆನ್ನಿನ ಗೀಟು ಎಳೆದವು. ಹಬ್ಬದ ಮುಂಚಿನ ದಿನ ಕೋಣೆ ತೊಳೆಯುವಾಗ, ಪೂಜೆಯ ವಸ್ತುವಿನ ಮೇಲೆ ಇದೇನು ಕೊಳಕು ಎಂದು ಅವಳೇ ಕಿತ್ತು ಒಗೆದಿದ್ದಳು. ಗುಂಡಿಗಳನ್ನು ಅಲುಗಿಸದೆ, ಜೋಪಾನವಾಗಿ. ಮರುದಿನ ಅವು ಹೇಗಿದ್ದವೋ ಹಾಗೆಯೇ ನೆತ್ತಿಗೆ ಕುಂಕುಮ ಇಟ್ಟು, ಕಾಯಿ ಒಡೆದು, ಕೈಮುಗಿದಿದ್ದಳು.

ಆ ಒಂದು ರಾತ್ರಿ ಹಗಲಿನ ನಡುವೆ ಗುಂಡಿ ತಿರುಗಿಬಿಟ್ಟಿದ್ದರೆ? ಆಮೇಲೆ ಪ್ರತಿ ಬೆಳಿಗ್ಗೆ ಒರೆಸಿ, ಚುಕ್ಕೆ ನೆಟ್ಟಗೆ ಮಾಡಿ, ಆ ತಪ್ಪನ್ನೇ ಸರಿಯಾಗಿ ಕಾಪಾಡಿಕೊಂಡು ಬಂದವರು ಯಾರು? ನಡುವೆ ಎಂದಾದರೂ ಒರೆಸುವಾಗ ಗುಂಡಿ ತಾನಾಗಿ ಸೊನ್ನೆಗೆ ಹೋಗಿದ್ದರೂ ಇರಬಹುದು. ಅದನ್ನು ಮತ್ತೆ ತಂದು ತಪ್ಪಿನ ಮೇಲೆ ನಿಲ್ಲಿಸಿದ ಕೈ ಯಾವುದು? ನಿಂಬೆವ್ವ ತನ್ನ ಬಲಗೈ ನೋಡಿಕೊಂಡಳು. ಉಂಗುರ ಬೆರಳಿನ ತುದಿ ಇನ್ನೂ ಕೆಂಪಗಿತ್ತು. ಹೋದ ಶುಕ್ರವಾರದ ಕುಂಕುಮ.

"ಆ ದಿನ ಕೋಣಿಯೊಳಗ ಯಾರ ಬಂದಿದ್ರು?" ಎಂದ ವಾದಿರಾಜ.

ಅವಳು ಆ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ನೆನಪಿಲ್ರಿ" ಎಂದಳು. ಹತ್ತು ವರ್ಷದಲ್ಲಿ ಅವಳು ಆ ಕೋಣೆಯಲ್ಲಿ ಹೇಳಿದ ಮೊದಲ ಸುಳ್ಳು ಅದು.

ವಾದಿರಾಜ ಜಿಲ್ಲಾ ಡಾಕ್ಟರು ರುಕ್ಸಾನಾ ಬಾಗವಾನರಿಗೆ ಅಲ್ಲಿಂದಲೇ ಫೋನು ಮಾಡಿದ. ಮರುದಿನ ಬೆಳಿಗ್ಗೆ ತಾವೇ ಬರುವುದಾಗಿಯೂ, ಮುನ್ನೂರ ಹನ್ನೊಂದು ಮಂದಿಗೂ ಮತ್ತೆ ತಪಾಸಣೆ ಆಗಬೇಕೆಂದೂ, ಅಲ್ಲಿಯವರೆಗೆ ಕ್ವಾರಿ ಬಂದ್ ಎಂದೂ, ಗುಂಡಿ ತಿರುಗಿಸಿದವರು ಯಾರೆಂದು ಬರೆದು ಕೊಡಬೇಕೆಂದೂ ಅವರು ಹೇಳಿದರು.

*

ಮನೆಗೆ ಹೋಗುವ ಹಾದಿಯಲ್ಲಿ ಅವಳು ಲೆಕ್ಕ ಹಾಕಲೇಬೇಕಾದ್ದೇನೂ ಇರಲಿಲ್ಲ. ಹಬ್ಬದ ಬೆಳಿಗ್ಗೆ ಬಾಗಿಲಿಗೆ ಬಾಳೆಕಂಬ ಕಟ್ಟಲು ಬಂದವನು ಸಂಗನಬಸು. ಕಾಯಿ ಮರೆತು ಬಂದಿದ್ದೇನೆಂದು ಅವಳು ಮನೆಗೆ ಓಡಿದ್ದಳು. ತಿರುಗಿ ಬರುವಷ್ಟರಲ್ಲಿ ಅರ್ಧ ಗಂಟೆ. ಬಲ್ಲವರ ಕೈ ಇದು ಎಂದಿದ್ದ ವಾದಿರಾಜ. ಹಂಚಿಗಲ್ಲಿನಲ್ಲಿ ಬಲ್ಲ ಕೈ ಎಷ್ಟಿವೆ?

ಆದರೂ ಮನಸ್ಸು ಒಪ್ಪಲೊಲ್ಲದು. ಬಂಗಲೆಯ ಕಡೆಯವರು ಬೀಗ ತೆಗೆದಿರಬಹುದು. ಗಾಳಿಗೆ ತಿರುಗಿರಬಹುದು. ದೆವ್ವ ತಿರುಗಿಸಿರಬಹುದು. ಗಂಡ ಒಬ್ಬನನ್ನು ಬಿಟ್ಟು ಯಾರಾದರೂ ಆಗಲಿ ಎಂದು ಬೇಡಿಕೊಳ್ಳುತ್ತ ಹೊಸ್ತಿಲು ದಾಟಿದಳು.

ಸಂಗನಬಸು ಸೊಪ್ಪು ಸೋಸುತ್ತ ಕೂತಿದ್ದ. ಅವಳು ಚಪ್ಪಲಿ ಬಿಡುತ್ತ, ಯಾವುದೋ ಮಾಮೂಲಿ ಸುದ್ದಿ ಹೇಳುವವಳ ಹಾಗೆ, "ಮಷೀನಿನ ಒಂದು ಗುಂಡಿ ಯಾರೋ ತಿರುವ್ಯಾರಂತ್ರಿ" ಎಂದಳು.

"ಹೌದಾ" ಎಂದ ಅವನು.

ಅವಳು ಕಾದಳು. ಇದೇ ಮನುಷ್ಯ, ನೆಂಟರ ಮನೆಯ ರೇಡಿಯೋ ಕೆಟ್ಟಿದೆ ಎಂದರೆ ಯಾವ ಸದ್ದು ಬರುತ್ತದೆ, ಯಾವ ಗುಂಡಿ ತಿರುಗಿಸಿದಾಗ ಬರುತ್ತದೆ, ಎಷ್ಟು ತಿರುಗಿಸಿದಾಗ ಬರುತ್ತದೆ ಎಂದು ತಲೆ ತಿನ್ನುವವನು. ಯಾವ ಗುಂಡಿ ಎಂದು ಕೇಳಲಿ. ಕೇಳಿದರೆ ಸಾಕು, ನಾನೇ ಕಾಲಿಗೆ ಬೀಳುತ್ತೇನೆ. ಅವನು ಒಂದು ಎಳೆ ಸೊಪ್ಪು ತೆಗೆದು ಬುಟ್ಟಿಗೆ ಹಾಕಿದ. ಇನ್ನೊಂದು ಎಳೆ ತೆಗೆದ. ಕೇಳಲಿಲ್ಲ.

"ಯಾಕ ಹಿಂಗ ಮಾಡಿದ್ರಿ?" ನಿಂಬೆವ್ವ ಸೊಪ್ಪಿನ ಬುಟ್ಟಿಯನ್ನು ಅತ್ತ ತಳ್ಳಿದಳು. "ಯಾಕ ಮಾಡಿದ್ರಿ ಹೇಳ್ರಿ!"

ಅವನ ಮಾತು ತುಂಡು ತುಂಡಾಗಿ ಬಂತು, ನಡುನಡುವೆ ಗಾಳಿಗೆ ಕಾಯುತ್ತ. "ಅವತ್ತ ನೀ ಕಾಯಿ ತರಾಕ ಹೋದಿ. ಸುಮ್ಮನ ಹೆಡ್‌ಫೋನ್ ಹಾಕ್ಕೊಂಡ್ನಿ. ಎಷ್ಟ ವರ್ಷ ಆಗಿತ್ತು ನಿಂಬಿ, ದನಿ ಕೇಳಿ. ಮೈಕಿನ ಮುಂದ ಉಸಿರೆಳದ್ನಿ. ಕೇಳಿಸ್ತು. ನನ್ನ ಎದಿಯಾಗ ಸಾಸಿವಿ ಸಿಡೀತಿತ್ತು. ಮೊದಲ ಮಷೀನಿಂದ ಅಂದ್ಕೊಂಡ್ನಿ. ಗುಂಡಿ ತಿರುವಿ ನೋಡಿದ್ನಿ. ಮೂರನೇದನ್ನ ಕೆಳಗ ಇಳಿಸಿದ ಕೂಡ್ಲೆ ಹೋತು. ಎಷ್ಟ ನಿರಾಳ ಆತು ಅಂತಿ. ಖರೇನ ಎದಿ ಹಗುರಾದಂಗ."

"ಹಂಗ ಬಿಟ್ಟ ಬಂದ್ರ್ಯಾ?"

"ಮರುದಿನ ನನ್ನ ತಪಾಸಣಿ ಇತ್ತು. ಅದೊಂದು ದಾಟಲಿ, ಆಮ್ಯಾಲೆ ಸರಿ ಮಾಡ್ತೀನಿ ಅಂದ್ಕೊಂಡ್ನಿ. ಮನ್ಯಾಗ ಕೂತು ಏನ ಮಾಡ್ಲಿ ನಾ? ಕಿವಿ ಒಂದ ನನ್ನ ಕೆಲಸ." ಕೈಯಲ್ಲಿದ್ದ ಸೊಪ್ಪಿನ ಎಳೆ ಕೆಳಗಿಟ್ಟು, "ಮತ್ತ, ಕೆಂಪು ದೀಪ ಹತ್ತಿದ್ರ ಚೀಟಿ ಬರಿಯಾಕಿ ನೀನ. ನಿನ್ನ ಕೈಲೆ ಅದನ್ನ ಬರಸಬಾರದು ಅನಿಸ್ತು" ಎಂದ. "ಅಷ್ಟರಾಗ ನೀ ಬಂದಿ. ಕುಂಕುಮ ಹಚ್ಚಿದಿ, ಕೈ ಮುಗದಿ. ಹಚ್ಚಿದ ಮ್ಯಾಲೆ ಅದು ದೇವರಾತು. ಮುಟ್ಟಿದ್ರ ನಿನಗ ಗೊತ್ತಾಗತಿತ್ತು. ಇವತ್ತ, ನಾಳೆ ಅನ್ನೂದ್ರಾಗ…"

"ದುರಗಪ್ಪ ಹೋದ್ನಲ್ರೀ!"

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನು ಅತ್ತದ್ದಕ್ಕೆ ಅವಳಿಗೆ ಮರುಕ ಹುಟ್ಟಲಿಲ್ಲ. ಸಿಟ್ಟು ಬಂತು, ಹೊಡೆಯಬೇಕೆನ್ನುವಷ್ಟು ಸಿಟ್ಟು. ಆಮೇಲೆ ಅವನ ಬೆನ್ನು ಏರಿಳಿಯುವ ರೀತಿ ನೋಡಿ ಹೆದರಿಕೆ ಬಂತು.

"ನಾಳೆ ಡಾಕ್ಟರ್ ಕೇಳತಾರ, ಯಾರ ತಿರುವಿದ್ರು ಅಂತ. ನಾ ಏನ ಬರೀಲಿ?"

ಅವನು ಎದ್ದು ಹಿತ್ತಲಿಗೆ ಹೋದ.

*

ಬೆಳಿಗ್ಗೆ ಎದ್ದಾಗ ಹಾಸಿಗೆ ಖಾಲಿ. ಗೂಟದಲ್ಲಿದ್ದ ಅಂಗಿಯೂ ಇಲ್ಲ, ಚಪ್ಪಲಿಯೂ ಇಲ್ಲ. ಕೊಪ್ಪಳದ ಬಸ್ಸು ಆರಕ್ಕೇ ಹೋಗುತ್ತದೆ. ಓಡಿಹೋದನೇ? ನಿನ್ನೆ ಸಂಜೆಯಿಂದ ಅವನ ಮೇಲೆ ಏನು ಅನುಮಾನ ಪಟ್ಟರೂ ನಿಜವಾಗುತ್ತಿತ್ತು. ಇದೂ ನಿಜವೇ ಇರಬೇಕು ಎಂದುಕೊಂಡು ಅವಳು ಮುಖ ತೊಳೆಯದೆ ಕ್ವಾರಿಗೆ ನಡೆದಳು.

ಗೇಟಿನ ಮುಂದೆ ಜಾತ್ರೆಯಷ್ಟು ಮಂದಿ. ನಡುವೆ ವಾದಿರಾಜ, ಒಬ್ಬ ಅವನ ಕಾಲರು ಹಿಡಿದಿದ್ದ. ಕನ್ನಡಕ ಎಲ್ಲೋ ಬಿದ್ದಿತ್ತು. "ಬಂಗಲೇದಾಗ ಹೋಳಿಗಿ ಉಂಡು ನಮ್ಮ ಎದಿಯಾಗ ಮಣ್ಣ ಹಾಕಿದೇನೋ!" ಎಂದು ಯಾರೋ ಕೂಗುತ್ತಿದ್ದರು. ಡಾಕ್ಟರು ಕಾರಿನಿಂದಿಳಿದು, "ಬಿಡ್ರಿ ಅವರನ್ನ, ಮೊದ್ಲು ಬಿಡ್ರಿ" ಎಂದು ಗದರಿಸುತ್ತಿದ್ದರು. ನಿಂಬೆವ್ವನನ್ನು ಕಂಡದ್ದೇ ಜನ ದಾರಿ ಬಿಟ್ಟರು. "ಬಂದ್ಲು ನೋಡ್ರಿ. ಅಕ್ಕಾನ ಹೇಳಲಿ. ಇವನ ಹೌದಲ್ಲೋ ನಿಂಬಕ್ಕಾ?"

ಹೌದು ಎಂದರೆ ಮುಗಿದುಹೋಗುತ್ತಿತ್ತು. ಒಂದು ಮಾತು. ಇಡೀ ಊರು ಅದನ್ನೇ ನಂಬಲು ತಯಾರಾಗಿ ನಿಂತಿತ್ತು. ನಿನ್ನೆವರೆಗೆ ತಾನೂ ಅದನ್ನೇ ನಂಬಿದ್ದಳಲ್ಲ! ವಾದಿರಾಜ ಬರಿಗಣ್ಣಿನಲ್ಲಿ ಅವಳ ಕಡೆ ಅಂದಾಜಿನಲ್ಲಿ ನೋಡುತ್ತಿದ್ದ.

"ಅಲ್ಲ" ಎಂದಳು. ದನಿ ಯಾರಿಗೂ ಕೇಳಿಸಲಿಲ್ಲ.

ಅಷ್ಟರಲ್ಲಿ ಹೆಸರು ಕೂಗುವ ದನಿವರ್ಧಕ ಗೊರಗುಟ್ಟಿತು. ಬೆರಳಿನಿಂದ ಮೈಕನ್ನು ಎರಡು ಸಲ ತಟ್ಟಿದ ಸದ್ದು. ಮೈಕಿಗೆ ಬಾಯಿಯಿಂದ ಊದಿ ನೋಡುವವರೇ ಎಲ್ಲರೂ. ಹಾಗೆ ತಟ್ಟುವವನು ಒಬ್ಬನೇ ಇದ್ದ. ನಿಂಬೆವ್ವ ಗಕ್ಕನೆ ತಿರುಗಿದಳು. ಕೋಣೆಯ ಬಾಗಿಲಲ್ಲಿ, ಸಾಲಿನ ಮೊದಲನೆಯವನಾಗಿ, ಸಂಗನಬಸು ನಿಂತಿದ್ದ.

"ನಾ ಸಂಗನಬಸು" ಎಂದಿತು ದನಿವರ್ಧಕ. "ಅವರನ್ನ ಬಿಡ್ರಿ. ಗುಂಡಿ ತಿರುವಿದಾಂವ ನಾನು. ನನ್ನ ಚೀಟಿ ಹಸಿರಾಗಲಿ ಅಂತ ತಿರುವಿದ್ನಿ. ನಿಮ್ಮೆಲ್ಲಾರದೂ ಹಸಿರಾತು."

ಕ್ರಷರ್ ಇಲ್ಲದ ಊರು ಎಷ್ಟು ನಿಶ್ಶಬ್ದವಾಗಿರುತ್ತದೆಂದು ಆಗ ಗೊತ್ತಾಯಿತು. ಕಾಲರು ಹಿಡಿದ ಕೈ ತಾನಾಗಿ ಸಡಿಲಿತು. ನಿಂಬೆವ್ವ ಅವನ ಪಕ್ಕಕ್ಕೆ ಹೋಗಿ ಮೈಕು ಇಸಿದುಕೊಂಡಳು. "ಹನ್ನೊಂದು ತಿಂಗಳು ಅದಕ್ಕ ಕುಂಕುಮ ಹಚ್ಚಿ ಕಾದಾಕಿ ನಾನು. ಬರಿಯೂದಿದ್ರ ಇಬ್ಬರ ಹೆಸರೂ ಬರೀರಿ, ಡಾಕ್ಟ್ರ."

ಯಾರೋ ಕಲ್ಲು ಎತ್ತಿದರು. ಡಾಕ್ಟರು ಅಡ್ಡ ನಿಂತು, "ಶಿಕ್ಷೆ ಏನಿದ್ರೂ ಆಮೇಲೆ. ಈಗ ಒಂದೊಂದು ಗಂಟೆನೂ ನಿಮ್ಮದೇ ಆಯುಷ್ಯ. ತಪಾಸಣೆ ಶುರು ಮಾಡಿ" ಎಂದರು.

ಕೋಣೆಯೊಳಗೆ ವಾದಿರಾಜ ಕನ್ನಡಕವಿಲ್ಲದೆ ಲ್ಯಾಪ್‌ಟಾಪಿಗೆ ಮೂಗು ತಾಗಿಸಿ ಅಂಕಿ ಓದಿದ. ನಿಂಬೆವ್ವ ಸೆರಗಿನಿಂದ ಮೂರನೇ ಫಿಲ್ಟರಿನ ಗುಂಡಿಗಳ ಕುಂಕುಮ ಒರೆಸಿ ತೆಗೆದು, ಅವನು ಸಾಕು ಎನ್ನುವವರೆಗೆ ತಿರುಗಿಸಿದಳು. ಕಾಯಿಲೆಯ ಡಬ್ಬಿ ಮೈಕಿಗೆ ಹಿಡಿದು ನೋಡಿದರು. ಕೆಂಪು. ಹೆಡ್‌ಫೋನ್ ಹಾಕಿಕೊಂಡು ಅವಳು ಗಂಡನಿಗೆ ಕಣ್ಸನ್ನೆ ಮಾಡಿದಳು.

ಅವನು ಉಸಿರೆಳೆದ. ಅವಳಿಗೆ ಕಂಪ್ಯೂಟರು ಬೇಕಾಗಲಿಲ್ಲ. ಬಾಣಲೆ ತುಂಬ ಸಾಸಿವೆ ಹಾಕಿದ ಹಾಗೆ ಸಿಡಿಯಿತು. ಇಪ್ಪತ್ತೆಂಟು ವರ್ಷ ಪಕ್ಕದಲ್ಲೇ ಮಲಗಿದ ಎದೆ ಅದು. ಎರಡನೇ ಸಲ ಕೇಳಿದಳು, ಮೂರನೇ ಸಲ ಕೇಳಿದಳು, ನಿಯಮ ಮುರಿದು ನಾಲ್ಕನೇ ಸಲವೂ ಎಳೆಯಲು ಹೇಳಿದಳು. ಯಂತ್ರ ತಪ್ಪಿರಲಿ ಎಂದು ಅವಳು ಬಯಸಿದ್ದು ಅದೇ ಮೊದಲು. ಕೆಂಪು ದೀಪ ಹತ್ತಿತು.

ಚೀಟಿಯ ಮೇಲೆ ಹೆಸರು ಬರೆಯುವಾಗ ಅಕ್ಷರ ಕಾಣಲಿಲ್ಲ. ಅವನೇ ಕೈ ಚಾಚಿದ. "ಕೊಡು ನಿಂಬಿ. ಹೊರಗ ಮಂದಿ ನಿಂತಾರ."

ಅವನು ಹೋಗಿ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತ. ನಿಂಬೆವ್ವ ಕಣ್ಣೊರೆಸಿಕೊಂಡು ಬಾಗಿಲಿಗೆ ಬಂದು, "ಮುಂದಿನವರು ಬರ್ರಿ" ಎಂದಳು.

ಯಾರೂ ಬರಲಿಲ್ಲ. ಇಷ್ಟು ಹೊತ್ತು ನಿಜ ಬೇಕು ಎಂದು ಗಂಟಲು ಹರಿದುಕೊಂಡವರು, ಕಲ್ಲು ಎತ್ತಿದವರು, ಎಲ್ಲರೂ ಅವನ ಕೈಯಲ್ಲಿದ್ದ ಕೆಂಪು ಚೀಟಿಯನ್ನು ನೋಡುತ್ತಿದ್ದರು. ಸಾಲಿನ ಮುಂದಿದ್ದವನು ಒಂದು ಹೆಜ್ಜೆ ಹಿಂದೆ ಸರಿದ. ಅವನ ಹಿಂದಿನವನು ಬೇರೆಲ್ಲೋ ನೋಡಿದ. "ಮುಂದಿನವರು ಬರ್ರಿ" ಎಂದು ಅವಳು ಇನ್ನೊಮ್ಮೆ ಕರೆದಳು.

ಗುಂಪಿನ ಹಿಂದಿನಿಂದ ಯಲ್ಲವ್ವ ಬಂದಳು. ಕೈಯಲ್ಲಿ ತನ್ನ ಮೈದುನನ ರಟ್ಟೆ ಹಿಡಿದಿದ್ದಳು. ದುರಗಪ್ಪನ ತಮ್ಮ, ನಾಲ್ಕನೇ ಹಂತದಲ್ಲೇ ಡ್ರಿಲ್ಲು ಹಿಡಿಯುವವನು. ಬೆಂಚಿನ ಮುಂದೆ ಹಾಯುವಾಗ ಸಂಗನಬಸುವಿನ ಕಡೆ ತಿರುಗಿಯೂ ನೋಡಲಿಲ್ಲ. ನಿಂಬೆವ್ವನ ಕಡೆಯೂ ನೋಡಲಿಲ್ಲ. ಮೈದುನನನ್ನು ಮೈಕಿನ ಮುಂದೆ ತಂದು ನಿಲ್ಲಿಸಿದಳು.

"ಎಳಿ ಉಸಿರ" ಎಂದಳು. "ನಿಮ್ಮಣ್ಣನ್ನ ಹಸಿರು ಚೀಟಿ ಕೂಡೇ ಮಣ್ಣಾಗ ಇಟ್ಟ ಬಂದೇನಿ. ಎಳಿ."

ನಿಂಬೆವ್ವ ಹೆಡ್‌ಫೋನ್ ಸರಿಮಾಡಿಕೊಂಡು ಕಣ್ಣು ಮುಚ್ಚಿದಳು.